ಹಳೆಯ ಡ್ರಿಲ್ ಪ್ರೆಸ್ಸಿನ ಓಲಾಟದ ಬೆನ್ನು ಹತ್ತಿ

ಮೊದಲ ದಿನ

ಬೆಂಚಿನ ಮೇಲೆ ಕೂರಿಸಿ ನೇರ ತೂತು ಕೊರೆಯುವ ಯಂತ್ರ, ಡ್ರಿಲ್ ಪ್ರೆಸ್, ಕೊನೆಗೂ ಬಂತು. ಎಷ್ಟು ಕೈ ದಾಟಿದೆಯೋ ಮಾರಿದವರಿಗೂ ಗೊತ್ತಿಲ್ಲ. "ಚೆನ್ನಾಗಿ ಓಡುತ್ತದೆ, ಸ್ವಲ್ಪ ಸದ್ದು ಮಾಡುತ್ತದೆ ಅಷ್ಟೇ" ಎಂದಿದ್ದರು. ಗುಂಡಿ ಒತ್ತಿದರೆ ಸದ್ದೊಂದೇ ಬಂತು, ಓಟ ಬರಲಿಲ್ಲ. ಮೋಟಾರು ಗುಂಯ್ ಎನ್ನುತ್ತಾ ನಿಂತಲ್ಲೇ ನಿಂತಿತ್ತು. ತಕ್ಷಣ ಆರಿಸಿದೆ. ಹಾಗೆಯೇ ಬಿಟ್ಟರೆ ಒಳಗಿನ ಸುರುಳಿ ಸುಟ್ಟುಹೋಗುತ್ತದೆ.

ಬೆಲ್ಟ್ ಕಳಚಿ, ಮೋಟಾರಿನ ಪುಲ್ಲಿಗೆ ದಾರ ಸುತ್ತಿ ಬುಗುರಿಯಂತೆ ಎಳೆದೆ. ದಾರ ಪೂರ್ತಿ ಬಿಚ್ಚಿ ಕೈಗೆ ಬಂದ ಮೇಲೆ, ಪುಲ್ಲಿ ಇನ್ನೂ ತಿರುಗುತ್ತಿರುವಾಗಲೇ ಗುಂಡಿ ಒತ್ತಿದೆ. ಹಾಯಾಗಿ ವೇಗ ಹಿಡಿಯಿತು. ಎದುರು ದಿಕ್ಕಿಗೆ ಎಳೆದರೆ ಆ ಕಡೆಗೂ ಅಷ್ಟೇ ಖುಷಿಯಿಂದ ಓಡಿತು. ಅಂದರೆ ಮುಖ್ಯ ಸುರುಳಿ ಸರಿಯಿದೆ, ಹೊರಡಲು ಬೇಕಾದ ಮೊದಲ ತಳ್ಳು ಸಿಗುತ್ತಿಲ್ಲ. ಸಿಂಗಲ್ ಫೇಸ್ ಮೋಟಾರಿನಲ್ಲಿ ಆ ತಳ್ಳು ಕೊಡುವುದು ಸ್ಟಾರ್ಟಿಂಗ್ ಸುರುಳಿ ಮತ್ತು ಅದರ ಕೆಪ್ಯಾಸಿಟರ್. ವೇಗ ಬಂದ ಮೇಲೆ, ತಿರುಗುವ ರಭಸಕ್ಕೆ ತೂಕದ ತುಂಡುಗಳು ಹೊರಗೆ ಸರಿದು ತೆರೆದುಕೊಳ್ಳುವ ಸೆಂಟ್ರಿಫ್ಯೂಗಲ್ ಸ್ವಿಚ್ ಅವೆರಡನ್ನೂ ಕಡಿದುಹಾಕುತ್ತದೆ.

ಎರಡನೆಯ ದಿನ

ಎಲ್ಲರಂತೆ ನಾನೂ ಕೆಪ್ಯಾಸಿಟರನ್ನೇ ಶಂಕಿಸಿದೆ. ಪ್ಲಗ್ ಕಿತ್ತು, ರೆಸಿಸ್ಟರ್ ಮೂಲಕ ಅದರಲ್ಲಿ ಉಳಿದಿರಬಹುದಾದ ವಿದ್ಯುತ್ತನ್ನು ಇಳಿಸಿ, ಮೀಟರ್ ಹಿಡಿದೆ. ಮೇಲೆ 100 ಮೈಕ್ರೋಫ್ಯಾರಡ್ ಎಂದು ಬರೆದಿದೆ, ಮೀಟರ್ 97 ತೋರಿಸಿತು. ಪಾಪ, ಅದರ ತಪ್ಪೇನೂ ಇಲ್ಲ.

ಮೋಟಾರಿನ ಹಿಂದಿನ ಮುಚ್ಚಳ ತೆಗೆದಾಗ ಕಳ್ಳ ಸಿಕ್ಕಿತು. ಸ್ವಿಚ್ಚಿನ ಸಂಪರ್ಕ ಬಿಂದುಗಳು ಕಾಡಿಗೆಯಂತೆ ಕಪ್ಪಾಗಿದ್ದವು. ಮರದ ಹೊಟ್ಟು ಹಳೆಯ ಗ್ರೀಸಿನಲ್ಲಿ ಕಲಸಿ ಗಟ್ಟಿಯಾಗಿ, ತೂಕದ ತುಂಡುಗಳು ಹೊರಗೆ ಸರಿದಲ್ಲೇ ಸಿಕ್ಕಿಕೊಂಡಿದ್ದವು. ಕೆರೆದು, ಒರೆಸಿ, ಬಿಂದುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಮುಚ್ಚಿದೆ. ಈಗ ಗುಂಡಿ ಒತ್ತಿದ ಕೂಡಲೇ ಹೊರಡುತ್ತದೆ. ಆರಿಸಿದ ಮೇಲೆ ವೇಗ ಇಳಿಯುತ್ತಾ ಬರುವಾಗ ಒಳಗಿನಿಂದ 'ಟಿಕ್' ಎಂದು ಕೇಳಿಸುತ್ತದೆ. ಅದು ಸ್ವಿಚ್ ಮತ್ತೆ ಕೂಡಿಕೊಳ್ಳುವ ಸದ್ದು. ಅದನ್ನು ಕೇಳುವುದಕ್ಕೆಂದೇ ಐದಾರು ಸಲ ಹಾಕಿ ಆರಿಸಿದೆ.

ಆಮೇಲೆ ಬೆಲ್ಟ್ ಏರಿಸಿ, ಬಿಟ್ ಹಿಡಿಯುವ ದವಡೆಗಳಿರುವ ಚಕ್ಕಿಗೆ ಹೊಸ ಬಿಟ್ ಕಚ್ಚಿಸಿ ಓಡಿಸಿದೆ. ಬಿಟ್ಟಿನ ತುದಿ ಬರಿಗಣ್ಣಿಗೇ ಎರಡಾಗಿ ಕಾಣುತ್ತಿತ್ತು. ಚಕ್ಕನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್ಲಿನಿಂದ ಗರಗರ ಸದ್ದು ಬೇರೆ.

ನಾಲ್ಕನೆಯ ದಿನ

ಇಲ್ಲಿ ನಾನು ಎಡವಿದೆ. ಗರಗರ ಕೇಳಿಸುತ್ತಿದೆ, ಬಿಟ್ ಓಲಾಡುತ್ತಿದೆ, ಆದ್ದರಿಂದ ಬೇರಿಂಗ್ ಹೋಗಿದೆ ಎಂದು ಅಳತೆಯನ್ನೇ ತೆಗೆಯದೆ ತೀರ್ಮಾನಿಸಿಬಿಟ್ಟೆ.

ಸ್ಪಿಂಡಲ್ ಹೊರಗೆಳೆಯಬೇಕಾದರೆ ಮೊದಲು ಹಿಡಿಯನ್ನು ಮೇಲೆತ್ತುವ ಸ್ಪ್ರಿಂಗ್ ಸಡಿಲಿಸಬೇಕು. ಅದು ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಉಕ್ಕಿನ ಪಟ್ಟಿ. ಅದರ ಬಟ್ಟಲನ್ನು ಬಿಗಿಯಾಗಿ ಹಿಡಿದು ಒಂದೊಂದೇ ಕಚ್ಚು ಬಿಡುತ್ತಾ, ಎಷ್ಟು ಸುತ್ತು ಬಿಚ್ಚಿತೆಂದು ಎಣಿಸಬೇಕು. ಎರಡು ಎಣಿಸಿದೆ, ಮೂರನೆಯದನ್ನು ಅದೇ ಎಣಿಸಿಕೊಂಡಿತು. ದಪ್ಪ ಚರ್ಮದ ಕೈಗವಸು ಇದ್ದುದರಿಂದ ಅಂಗೈಯಲ್ಲಿ ಒಂದು ಕೆಂಪು ಗೆರೆಯಷ್ಟೇ ಉಳಿಯಿತು. ಓಡುತ್ತಿರುವ ಡ್ರಿಲ್ಲಿನ ಹತ್ತಿರ ಮಾತ್ರ ಕೈಗವಸು ಬೇಡವೇ ಬೇಡ. ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಕೆಳಗಿನ ಬೇರಿಂಗಿನ ಮೇಲೆ 6203 ಎಂದಿತ್ತು: ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿ.ಮೀ. ಹೊಸದನ್ನು ಸ್ಪಿಂಡಲ್ಲಿಗೆ ಇಳಿಸುವಾಗ ಒಳಗಿನ ಉಂಗುರಕ್ಕೆ ಮಾತ್ರ ತಾಗುವ ಕೊಳವೆ ಇಟ್ಟು ಬಡಿದೆ. ಹೊರಗಿನ ಉಂಗುರಕ್ಕೆ ಬಡಿದರೆ ಏಟೆಲ್ಲ ಗುಂಡುಗಳ ಮೇಲೆ ಬಿದ್ದು, ಹೊಸ ಬೇರಿಂಗ್ ಕೂರುವ ಮೊದಲೇ ಹಳತಾಗುತ್ತದೆ.

ಎಲ್ಲ ಜೋಡಿಸಿ ಓಡಿಸಿದೆ. ಗರಗರ ಹೋಗಿತ್ತು. ಓಲಾಟ ಇದ್ದ ಹಾಗೆಯೇ ಇತ್ತು.

ಐದನೆಯ ದಿನ

ಕೂದಲೆಳೆಯಷ್ಟು ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ತೆಗೆದೆ. ಅದು ಮೊದಲ ದಿನದಿಂದಲೂ ಪೆಟ್ಟಿಗೆಯಲ್ಲೇ ಇತ್ತು.

ಚಕ್ಕಿನಲ್ಲಿ ನೇರವಾದ ಉಕ್ಕಿನ ಸರಳು ಹಿಡಿಸಿ, ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿದರೆ ಚಕ್ಕಿನ ಹತ್ತಿರವೇ 0.28 ಮಿ.ಮೀ. ಓಲಾಟ. ಇನ್ನು ಮೇಲಕ್ಕೆ ಹೋಗಬೇಕು. ಸ್ಪಿಂಡಲ್ಲಿನ ಬದಿಯ ಸೀಳಿಗೆ ಬೆಣೆ ತೂರಿಸಿ ಬಡಿದೆ. ಚಕ್ ಮತ್ತು ಅದನ್ನು ಸ್ಪಿಂಡಲ್ಲಿಗೆ ಜೋಡಿಸುವ ಮೋಟು ದಂಡ, ಆರ್ಬರ್, ಒಟ್ಟಿಗೆ ಕೆಳಗಿಟ್ಟಿದ್ದ ಚಿಂದಿಯ ಮೇಲೆ ಬಿದ್ದವು. ಸ್ಪಿಂಡಲ್ಲಿನ ಒಳಗಿನ ಟೇಪರಿಗೆ, ಅಂದರೆ ಆರ್ಬರ್ ಕೂರುವ ಕಿರಿದಾಗುತ್ತಾ ಹೋಗುವ ರಂಧ್ರಕ್ಕೆ, ಗೇಜಿನ ಮೂತಿ ತಾಗಿಸಿದೆ: 0.02. ಸ್ಪಿಂಡಲ್ ನಿರಪರಾಧಿ. ಇದೇ ಅಳತೆಯನ್ನು ಮೊದಲೇ ತೆಗೆದಿದ್ದರೆ ಬೇರಿಂಗಿನ ಮೇಲೆ ಓಲಾಟದ ಆರೋಪ ಹೊರಿಸುತ್ತಿರಲಿಲ್ಲ.

ಆರ್ಬರನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದೆ. ಗೇಜಿನ ಮುಳ್ಳು ಅತಿ ಹೆಚ್ಚು ಸರಿಯುತ್ತಿದ್ದ, ಮೊದಲೇ ಶಾಯಿಯಲ್ಲಿ ಗುರುತು ಹಾಕಿದ್ದ ಜಾಗ ಆರ್ಬರಿನ ಜೊತೆಗೇ ತಿರುಗಿತು. ದೋಷ ಆರ್ಬರಿನಲ್ಲಿ, ಇಲ್ಲವೇ ಚಕ್ಕಿನಲ್ಲಿ. ಎರಡನ್ನೂ ಬೇರ್ಪಡಿಸಿ ಆರ್ಬರನ್ನು ಮಾತ್ರ ಸ್ಪಿಂಡಲ್ಲಿಗೆ ಹಾಕಿ, ಚಕ್ ಕೂರುವ ಮೋಟು ತುದಿಯನ್ನು ಅಳೆದೆ: 0.03. ಅದೂ ಅಲ್ಲ. ಹಾಗಾದರೆ ಇವೆರಡೂ ಕೂಡುವ ಜಾಗ.

ಆ ಮೋಟು ತುದಿಗೆ ಮಾರ್ಕರ್ ಶಾಯಿ ಬಳಿದು, ಚಕ್ಕಿನ ರಂಧ್ರದೊಳಗೆ ಒತ್ತಿ ಸ್ವಲ್ಪ ತಿರುಚಿ ತೆಗೆದೆ. ಸುತ್ತಲೂ ಸಮನಾಗಿ ಅಳಿಸಬೇಕಾಗಿದ್ದ ಶಾಯಿ, ಬುಡದ ಹತ್ತಿರ ಎಳ್ಳುಕಾಳಿನಷ್ಟು ಜಾಗದಲ್ಲಿ ಮಾತ್ರ ಅಳಿಸಿತ್ತು. ಚಕ್ಕಿನ ರಂಧ್ರದ ಅಂಚಿಗೆ ಬೆರಳು ಆಡಿಸಿದರೆ ಅಲ್ಲೊಂದು ಗಂಟು ಸಿಕ್ಕಿತು. ಯಾವುದೋ ಕಾಲದಲ್ಲಿ ಯಾರೋ ಬೆಣೆ ಹುಡುಕುವ ತಾಳ್ಮೆಯಿಲ್ಲದೆ ಚಕ್ಕಿಗೇ ಸುತ್ತಿಗೆ ಹಾಕಿದ್ದಾರೆ. ಅದರ ನೆಗ್ಗು ಹೊರಗೆ ಕಾಣುತ್ತದೆ, ಉಬ್ಬು ಒಳಗೆ ಕೂತಿದೆ.

ಅರ ಹಾಕಲು ಕೈ ಬರಲಿಲ್ಲ. ಅದು ಬೇಕಾದ್ದಕ್ಕಿಂತ ಹೆಚ್ಚು ತಿನ್ನುತ್ತದೆ. ಸಾಣೆಕಲ್ಲಿನ ಸಣ್ಣ ತುಂಡಿಗೆ ಎಣ್ಣೆ ಹಚ್ಚಿ ಆ ಉಬ್ಬನ್ನಷ್ಟೇ ಉಜ್ಜಿದೆ. ಶಾಯಿ, ಉಜ್ಜು, ಮತ್ತೆ ಶಾಯಿ. ಏಳನೆಯ ಸಲಕ್ಕೆ ಶಾಯಿ ಸುತ್ತಲೂ ಅಳಿಸಿತು. ಎಣ್ಣೆ ಒರೆಸಿ, ಚಕ್ಕಿನ ದವಡೆಗಳನ್ನು ಒಳಗೆಳೆದು, ಮರದ ಸುತ್ತಿಗೆಯಿಂದ ಒಂದೇ ಏಟು. ಗೇಜ್ 0.06 ತೋರಿಸಿತು. ಈ ದರ್ಜೆಯ ಯಂತ್ರದಿಂದ ಇದಕ್ಕಿಂತ ಹೆಚ್ಚು ಕೇಳುವುದು ಅತಿಯಾಸೆ.

ಎಂಟನೆಯ ದಿನ

ಬೆಲ್ಟ್ ಬದಲಾಯಿಸಿದೆ. ಹಳೆಯದು ಎಷ್ಟೋ ಕಾಲ ನಿಂತಲ್ಲೇ ನಿಂತು ಪುಲ್ಲಿಯ ಆಕಾರಕ್ಕೆ ಸೆಟೆದುಕೊಂಡಿತ್ತು. ಪ್ರತಿ ಸುತ್ತಿಗೂ ದಡ್ ದಡ್ ಎನ್ನುತ್ತಿತ್ತು. ಚಕ್ಕಿಗೆ ಬಾಗಿಸಿದ ತಂತಿ ಹಿಡಿಸಿ, ಅದರ ತುದಿ ಮೇಜನ್ನು ನಾಲ್ಕೂ ದಿಕ್ಕಿನಲ್ಲಿ ಒಂದೇ ಸಮನಾಗಿ ಸವರುವವರೆಗೆ ಮೇಜಿನ ಓರೆ ತಿದ್ದಿದೆ. ಹಿಂದುಮುಂದಿನ ಓರೆಗೆ ತಿರುಪಿನ ವ್ಯವಸ್ಥೆಯೇ ಇಲ್ಲ, ತೆಳು ತಗಡಿನ ಚೂರು ಕೊಟ್ಟೆ.

ಕೊನೆಗೆ ಮೆದು ಉಕ್ಕಿನ ಪಟ್ಟಿಯಲ್ಲಿ 10 ಮಿ.ಮೀ. ತೂತು. ನಿಮಿಷಕ್ಕೆ 25 ಮೀಟರ್ ಕತ್ತರಿಸುವ ವೇಗ ಎಂದುಕೊಂಡರೆ ಸುಮಾರು 800 ಸುತ್ತು ಬೇಕು. ಪುಲ್ಲಿಯಲ್ಲಿ ಅದಕ್ಕೆ ಹತ್ತಿರದ ಮೆಟ್ಟಿಲು 720. ಪಟ್ಟಿಯನ್ನು ವೈಸಿನಲ್ಲಿ ಬಿಗಿದು, ಎಣ್ಣೆಯ ಹನಿ ಬಿಟ್ಟು ಹಿಡಿ ಇಳಿಸಿದೆ. ಬಿಟ್ಟಿನ ಎರಡೂ ಬದಿಯಿಂದ ಒಂದೇ ದಪ್ಪದ ಎರಡು ಸುರುಳಿಗಳು ಜೋಡಿಯಾಗಿ ಮೇಲೆದ್ದವು. ತೂತಿಗೆ ಬಿಟ್ಟಿನ ಹಿಂಬದಿಯನ್ನು ಇಳಿಸಿದರೆ ಅಲ್ಲಾಡಲು ಜಾಗವಿಲ್ಲ.

ಆಳ ಮಿತಿಗೊಳಿಸುವ ತಿರುಪಿನ ಎಳೆ ಸವೆದಿದೆ, ನಟ್ ಜಾರುತ್ತದೆ. ಅದನ್ನು ಮುಂದಿನ ವಾರ ನೋಡುತ್ತೇನೆ, ಈ ಬಾರಿ ಮೊದಲು ಅಳೆದು.