ಬಿಚ್ಚಿಕೊಂಡ ಜರಿ ಎಳೆ

ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವುದು ನನ್ನ ವೃತ್ತಿ. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿಗೆ ಪೆನ್ ಟ್ಯಾಬ್ಲೆಟ್ ಜೋಡಿಸಿಕೊಂಡು ಚಿತ್ರ ಬಿಡಿಸುವುದು ಆರು ವರ್ಷಗಳಿಂದ ಬೆಳೆದು ಬಂದ ಹವ್ಯಾಸ. ಕಳೆದ ಮಳೆಗಾಲದಲ್ಲಿ ಒಂಬತ್ತು ರಾತ್ರಿ ಕೂತು, ಕ್ರಿತಾ ತಂತ್ರಾಂಶದಲ್ಲಿ ಬಡಗುತಿಟ್ಟು ಶೈಲಿಯ ಯಕ್ಷಗಾನದ ಅಭಿಮನ್ಯುವನ್ನು ಬಿಡಿಸಿದೆ. ಬಿಲ್ಲು ಹಿಡಿದ ಕೈಯ ಬೆರಳುಗಳು ನನಗೆ ಒಲಿಯಲಿಲ್ಲ, ಆದರೆ ಕೇದಗೆ ಮುಂದಲೆ ಎಂಬ ತಲೆಯ ವೇಷ ಮಾತ್ರ ಜರಿಯ ಒಂದೊಂದು ಸುತ್ತೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿತ್ತು. ಶನಿವಾರ ರಾತ್ರಿ ಅದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿ ಮಲಗಿದೆ.

ಭಾನುವಾರ ಬೆಳಿಗ್ಗೆ ಮೆಚ್ಚುಗೆಯ ಮಾತುಗಳ ನಡುವೆ ಕುಂದಾಪುರದ ಕಡೆಯ ಅಪರಿಚಿತರೊಬ್ಬರ ಸಂದೇಶವಿತ್ತು. "ನಮಸ್ಕಾರ ಸರ್. ಚಿತ್ರ ಚೆನ್ನಾಗಿದೆ. ಇದು ನಾನು ಚೌಕಿಯಲ್ಲಿ, ಕಲಾವಿದರು ವೇಷ ಕಟ್ಟುವಲ್ಲಿ, ಕೂತು ತೆಗೆದ ಫೋಟೊ. ಎಡಗಿವಿಯ ಮೇಲೆ ಜರಿಯ ಎಳೆ ಬಿಚ್ಚಿಕೊಂಡದ್ದು ಆ ಒಂದು ರಾತ್ರಿ ಮಾತ್ರ."

ಅವರು ಹೇಳಿದ್ದು ನಿಜವಾಗಿತ್ತು. ಅಂತರಜಾಲದಲ್ಲಿ ಸಿಕ್ಕಿದ ಆ ಫೋಟೊವನ್ನು ಕೆಳಗಿನ ಲೇಯರ್‌ನಲ್ಲಿಟ್ಟು, ಮಸುಕಾಗಿಸಿ, ಅದರ ಮೇಲೆಯೇ ಗೆರೆ ಎಳೆದಿದ್ದೆ. ತೆಗೆದವರು ಯಾರೆಂದು ಹುಡುಕಿರಲಿಲ್ಲ. ಬಿಚ್ಚಿಕೊಂಡ ಆ ಎಳೆಯನ್ನು ಕೂಡ ಅಲಂಕಾರದ ಭಾಗವೆಂದೇ ತಿಳಿದು ಶ್ರದ್ಧೆಯಿಂದ ನಕಲು ಮಾಡಿದ್ದೆ. "ನಾನು ಹವ್ಯಾಸಕ್ಕೆ ಬಿಡಿಸುವವನು, ಇದರಿಂದ ಒಂದು ರೂಪಾಯಿಯನ್ನೂ ಗಳಿಸಿಲ್ಲ" ಎಂದು ಉತ್ತರ ಬರೆದೆನಾದರೂ ಕಳಿಸಲು ಮನಸ್ಸು ಒಪ್ಪಲಿಲ್ಲ.

ಬೆಂಗಳೂರಿನಲ್ಲಿ ಪುಸ್ತಕಗಳಿಗೆ ಚಿತ್ರ ಬಿಡಿಸಿಯೇ ಬದುಕು ಸಾಗಿಸುತ್ತಿರುವ ದೊಡ್ಡಪ್ಪನ ಮಗಳಿಗೆ ಫೋನು ಮಾಡಿದೆ. "ಬೆರಳು ಸೊಟ್ಟಗಿದ್ದರೆ ನಿನ್ನನ್ನು ಯಾರೂ ಬೈಯಬಾರದು ಕಣೋ. ನನ್ನ ಚಿತ್ರದಲ್ಲಿ ಹಾಗಾದರೆ ಪ್ರಕಾಶಕರು ವಾಪಸು ಕಳಿಸುತ್ತಾರೆ, ಕಳಿಸಬೇಕು ಕೂಡ. ಆದರೆ ಇನ್ನೊಬ್ಬರು ನಿದ್ದೆಗೆಟ್ಟ ರಾತ್ರಿಯನ್ನು ಬಳಸಿಕೊಂಡಾಗ ಹವ್ಯಾಸಿ ಎಂಬ ರಿಯಾಯಿತಿ ಎಲ್ಲಿಂದ ಬರುತ್ತದೆ?" ಎಂದಳು ಅಕ್ಕ.

ಅಂದು ಮಧ್ಯಾಹ್ನ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ತೆರೆದು ಓದಿದೆ. ಚಿತ್ರ, ರೇಖಾಚಿತ್ರ, ಛಾಯಾಚಿತ್ರಗಳು ಕಲಾತ್ಮಕ ಗುಣವನ್ನು ಹೊಂದಿರಲಿ, ಇಲ್ಲದಿರಲಿ, ಕಲಾಕೃತಿಗಳೇ ಎಂದು ಅದರ 2ನೇ ಕಲಮು ಹೇಳುತ್ತದೆ. ಅಂದರೆ ನನ್ನ ಸೊಟ್ಟ ಬೆರಳಿಗೂ ಅಕ್ಕನ ತಿದ್ದಿದ ಗೆರೆಗೂ ಅವರ ಫೋಟೊಗೂ ಸಿಗುವ ರಕ್ಷಣೆ ಒಂದೇ. ಖಾಸಗಿ ಬಳಕೆಗೆ 52ನೇ ಕಲಮು ಅವಕಾಶ ಕೊಡುತ್ತದೆ. ಮನೆಯಲ್ಲಿ ಕೂತು ಕಲಿಕೆಗಾಗಿ ನಕಲು ಮಾಡುವುದಕ್ಕೂ ಅದನ್ನು ನನ್ನ ಹೆಸರಿನಲ್ಲಿ ಊರಿಗೆಲ್ಲ ತೋರಿಸುವುದಕ್ಕೂ ನಡುವಿನ ಗೆರೆಯನ್ನು ನಾನು ಶನಿವಾರ ರಾತ್ರಿ ದಾಟಿದ್ದೆ. ಹವ್ಯಾಸಿಗಳ ಚಿತ್ರವನ್ನು ವೃತ್ತಿಪರರ ಅಳತೆಗೋಲಿನಿಂದ ಅಳೆಯಬಾರದೆಂದು ನಾನು ಹಲವು ಸಲ ವಾದಿಸಿದ್ದೇನೆ, ಈಗಲೂ ಅದನ್ನೇ ನಂಬುತ್ತೇನೆ. ಅಂಗರಚನೆ, ಬೆಳಕು, ಬಣ್ಣಗಳ ಹೊಂದಿಕೆಯಲ್ಲಿ ಎಡವುತ್ತಲೇ ತೋರಿಸುವ ಸ್ವಾತಂತ್ರ್ಯವಿಲ್ಲದಿದ್ದರೆ ನನ್ನಂಥವರು ಕಲಿಯುವುದಾದರೂ ಹೇಗೆ? ಆ ಸ್ವಾತಂತ್ರ್ಯದೊಳಗೆ ಮೂಲದ ಹೆಸರನ್ನು ಬಿಟ್ಟುಬಿಡುವುದನ್ನೂ ಸದ್ದಿಲ್ಲದೆ ಸೇರಿಸಿಕೊಂಡಿದ್ದೆ ಎಂಬುದು ಮಾತ್ರ ಅಂದೇ ತಿಳಿದದ್ದು.

ಸಂಜೆ ಚಿತ್ರವನ್ನು ತೆಗೆದುಹಾಕಿ ಅವರಿಗೆ ಕ್ಷಮೆ ಕೇಳಿ ಬರೆದೆ. ಅನುಮತಿ ಕೊಟ್ಟರೆ ಅವರ ಫೋಟೊವನ್ನೂ ಹೆಸರನ್ನೂ ಜೊತೆಗಿಟ್ಟು ಮತ್ತೆ ಹಾಕುತ್ತೇನೆಂದೆ. ಒಪ್ಪಿಗೆಯೊಂದಿಗೆ, ನಾನು ಕೇಳದೆಯೇ ಇನ್ನೂ ಮೂರು ಫೋಟೊಗಳು ಬಂದವು. ಅದೇ ಮುಂದಲೆಯನ್ನು ಕಲಾವಿದರು ಕನ್ನಡಿಯ ಮುಂದೆ ಕೂತು ಕಟ್ಟಿಕೊಳ್ಳುತ್ತಿದ್ದ ಫೋಟೊಗಳು ಅವು: ಮೊದಲು ಬಟ್ಟೆಯ ಸುತ್ತು, ಅದರ ಮೇಲೆ ಬಿಗಿಯಾಗಿ ಓರೆಯಾಗಿ ಹಾಯುವ ಜರಿ. ನಾನು ಒಂಬತ್ತು ರಾತ್ರಿ ಎಳೆದ ಗೆರೆಗಳು ಬಟ್ಟೆಯ ಮಡಿಕೆಯನ್ನು ಅನುಸರಿಸದೆ ಬರಿಯ ನೆರಳನ್ನು ಅನುಸರಿಸಿದ್ದವೆಂದು ಆಗ ಕಾಣಿಸಿತು. ಅಂದು ರಾತ್ರಿ ಆ ಮೂರನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಕೆಳಗೆ ಯಾವ ಲೇಯರನ್ನೂ ಇಡದೆ, ಮುಂದಲೆಯನ್ನು ಮೊದಲ ಸುತ್ತಿನಿಂದ ಕಟ್ಟತೊಡಗಿದೆ.