ಹನ್ನೆರಡು ಡೊಳ್ಳು, ಒಂದೇ ಏಟು: ಹೇಗೆ?

ಸಾಗರ, ಸೊರಬದ ಕಡೆ ಡೊಳ್ಳು ಕುಣಿತ ನೋಡಿದವರೆಲ್ಲ ಕೇಳುವುದು ಇದನ್ನೇ: "ಹನ್ನೆರಡು ಜನ ಕುಣಿಯುತ್ತಾ ಬಡಿದರೂ ಒಬ್ಬನೇ ಬಡಿದಂತೆ ಕೇಳುತ್ತದಲ್ಲ, ಒಳಗೊಳಗೇ ಎಣಿಸುತ್ತಾರಾ?"

ಕಲಿಯುವಾಗ ಎಣಿಸುತ್ತಾರೆ. ಕಲಿತ ಮೇಲೆ ಎಣಿಕೆ ಕಾಲಿಗೆ ಇಳಿದಿರುತ್ತದೆ. ಹೆಜ್ಜೆ ಕೂಡದ ತಂಡದ ಏಟು ಎಂದೂ ಕೂಡುವುದಿಲ್ಲ. ಹೆಜ್ಜೆಯಾದ ಮೇಲೆ ಕೋಲು ಎತ್ತುವ ಎತ್ತರ. ಒಬ್ಬ ತಲೆ ಮೇಲಿಂದ, ಇನ್ನೊಬ್ಬ ಎದೆ ಮಟ್ಟದಿಂದ ಬೀಸಿದರೆ ಒಟ್ಟಿಗೆ ಹೊರಟ ಕೋಲುಗಳೂ ಹಿಂದುಮುಂದಾಗಿ ಬೀಳುತ್ತವೆ.

ಮೆರವಣಿಗೆಯಲ್ಲಿ ಕಿವಿಯನ್ನು ಪೂರ್ತಿ ನಂಬಬಾರದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸಾಲು 17 ಮೀಟರ್ ಉದ್ದವಾದರೆ ಮುಂದಿನವನ ಏಟು ಕೊನೆಯವನ ಕಿವಿಗೆ ಬೀಳುವಾಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡವಾಗಿರುತ್ತದೆ. ವಿಳಂಬದ, ಅಂದರೆ ನಿಧಾನದ ನಡೆಯಲ್ಲಿ ಇದು ಗೊತ್ತಾಗದು. ದ್ರುತದಲ್ಲಿ, ಅಂದರೆ ವೇಗದ ನಡೆಯಲ್ಲಿ, ಪುಟ್ಟ ಏಟುಗಳೆಲ್ಲ ಕಲಸಿಹೋಗುತ್ತವೆ. ಅದಕ್ಕೇ ಹಿಂದಿನವರು ಮುಂದಾಳುವಿನ ಕೋಲನ್ನು ಕಣ್ಣಲ್ಲಿ ಹಿಡಿಯಬೇಕು, ತಾಳದವನನ್ನು ಸಾಲಿನ ನಡುವೆ ನಿಲ್ಲಿಸಬೇಕು. ವೇದಿಕೆಯಲ್ಲಾದರೆ ಅರ್ಧಚಂದ್ರಾಕಾರವೇ ವಾಸಿ.

ನಮ್ಮ ಮಲೆನಾಡಿಗೆ ಇನ್ನೊಂದು ಪೀಡೆ ಇದೆ, ಥಂಡಿ. ಗಣಪತಿ ಬಿಡುವ ಹೊತ್ತಿಗೂ ಮಳೆ ಬಿಟ್ಟಿರುವುದಿಲ್ಲ. ಚರ್ಮ ತೇವ ಹೀರಿ ಸಡಿಲವಾಗುತ್ತದೆ, ನಾದ ಇಳಿಯುತ್ತದೆ, ಕೋಲು ಪುಟಿಯುವುದಿಲ್ಲ. ಪುಟಿಯದ ಕೋಲನ್ನು ಪ್ರತಿ ಸಲ ತೋಳಿನ ಬಲದಿಂದಲೇ ಎತ್ತಬೇಕು. ಹತ್ತು ನಿಮಿಷದಲ್ಲಿ ಅಂಥ ಡೊಳ್ಳು ಬಡಿಯುವವನು ಹಿಂದೆ ಬೀಳುತ್ತಾನೆ. ಜನ ಅವನನ್ನು ಬೈಯುತ್ತಾರೆ, ತಪ್ಪು ಡೊಳ್ಳಿನದು. ಶುರುಮಾಡುವ ಮುಂಚೆ ಕೆಂಡದಿಂದ ದೂರ ಹಿಡಿದು, ತಿರುಗಿಸುತ್ತಾ ಕಾಯಿಸಿ, ಆಮೇಲೆ ಹಗ್ಗ ಬಿಗಿಯಿರಿ. ಹತ್ತಿರ ಹಿಡಿದರೆ ಚರ್ಮ ಬಿರಿಯುತ್ತದೆ.

ಹೊಸ ತಂಡಗಳು ಮಾಡುವ ದೊಡ್ಡ ತಪ್ಪು ಓಟ. ಜನ ಸಿಳ್ಳೆ ಹೊಡೆದಷ್ಟೂ ಲಯ ಏರುತ್ತದೆ, ಎಲ್ಲರೂ ಒಟ್ಟಿಗೇ ಓಡುವುದರಿಂದ ಯಾರಿಗೂ ತಿಳಿಯುವುದಿಲ್ಲ. ಲಾಗ ಹಾಕುವ ಹೊತ್ತಿಗೆ ಉಸಿರೇ ಇರುವುದಿಲ್ಲ.

ಅದಕ್ಕೆ ಒಂದು ಅಭ್ಯಾಸ: ನಿಮಿಷಕ್ಕೆ 70 ಏಟಿನ ನಡೆಯಲ್ಲಿ ನಾಲ್ಕು ಸುತ್ತು ಬಡಿಯಿರಿ. ಮುಂದಿನ ನಾಲ್ಕು ಸುತ್ತು ಡೊಳ್ಳು, ತಾಳ ಎರಡೂ ಬಂದ್, ಬರೀ ಹೆಜ್ಜೆ ಮತ್ತು ಗೆಜ್ಜೆ. ಅದು ಮುಗಿದು ಬರುವ ಸುತ್ತಿನ ಮೊದಲ ಏಟಿಗೆ ಎಲ್ಲರೂ ಒಟ್ಟಿಗೆ ಬೀಳಬೇಕು. ಬಿದ್ದರೆ ನಡೆಯನ್ನು 80ಕ್ಕೆ ಏರಿಸಿ. ಚದುರಿದರೆ ಡೊಳ್ಳು ಕೆಳಗಿಡಿ, ಅವತ್ತೆಲ್ಲ ಬರೀ ಹೆಜ್ಜೆ.