ಡಂಬಳದ ಹೆಜ್ಜೇನು: ತೆಳ್ಳಗಿದ್ದರೆ ಕಲಬೆರಕೆನಾ?

ಗದಗದಿಂದ ಡಂಬಳದ ಬಸ್ ಹತ್ತಿದಾಗ ಬ್ಯಾಗಿನಲ್ಲಿ ಎರಡು ಖಾಲಿ ಶೀಶೆ, ಜೇನಿನ ತೇವಾಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರ್ ಇತ್ತು. ಇಳಿದವನೇ ದೊಡ್ಡಬಸಪ್ಪನ ಗುಡಿಗೆ ಒಂದು ಸುತ್ತು ಹಾಕಿದೆ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುವ ಆ ಗೋಡೆ ಎಷ್ಟು ಸಲ ನೋಡಿದರೂ ಸಾಲದು. ಆದರೆ ಬಂದದ್ದು ಜೇನಿಗೆ. ಹತ್ತಿರದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ಜೇನಿಗೆ ಕೈ ಹಾಕುವ ಹಾಗಿಲ್ಲ. ಇದು ಗೆಳೆಯನ ಕಾಕಾನ ಹೊಲದ ಮರಕ್ಕೆ ಕಟ್ಟಿದ್ದ ಹೆಜ್ಜೇನು, ಹಿಂದಿನ ರಾತ್ರಿಯಷ್ಟೇ ಬಿಡಿಸಿದ್ದರು.

ಹೋದ ವರ್ಷ ಯಾರೋ ಇವರ ಜೇನು ತೆಳ್ಳಗಿದೆ ಅಂತ ವಾಪಸ್ ಕೊಟ್ಟಿದ್ದರಂತೆ. "ನಾವೇನು ನೀರ ಹಾಕೇವೇನಪಾ ಇದಕ್ಕ?" ಅಂದರು ಕಾಕಾ. ಆ ಮಾತು ಅವರಿಗೆ ಇನ್ನೂ ಚುಚ್ಚುತ್ತಿತ್ತು.

ಅಸಲಿಯೋ ನೋಡೋಣ ಅಂತ ಕಾಕೂ ಲೋಟದಲ್ಲಿ ನೀರು ತಂದಿಟ್ಟರು, ಜೇನಿನ ಹನಿ ತಳಕ್ಕೆ ಇಳಿಯಿತು. ಆದರೆ ಗಟ್ಟಿ ಬೆಲ್ಲದ ಪಾಕವೂ ಹಾಗೇ ಇಳಿಯುತ್ತದೆ ಅಲ್ವಾ? ಇರುವೆ ಮುತ್ತುವುದು, ಬತ್ತಿ ಉರಿಯುವುದು, ಇಂಥ ಮನೆ ಪರೀಕ್ಷೆ ಯಾವುದನ್ನೂ ನಾನು ನಂಬುವುದಿಲ್ಲ. ಸುಮ್ನೆ ಒಳ್ಳೆಯ ಜೇನಿಗೆ ಕೆಟ್ಟ ಹೆಸರು ಬರುತ್ತದೆ. ಹರಳುಗಟ್ಟಿದರೆ ಸಕ್ಕರೆ ಹಾಕಿದ್ದಾರೆ ಅನ್ನುವುದೂ ಅಷ್ಟೇ, ಅದು ಜೇನಿನಲ್ಲೇ ಇರುವ ಗ್ಲೂಕೋಸ್.

ರಿಫ್ರಾಕ್ಟೋಮೀಟರಿನ ಗಾಜಿಗೆ ಒಂದು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದೆ. ನೀಲಿ ಬಿಳುಪು ಕೂಡುವ ಗೆರೆ 24ರ ಹತ್ತಿರ ನಿಂತಿತ್ತು. ಅಂದರೆ ತೇವಾಂಶ ಶೇಕಡಾ 24. ನಮ್ಮಲ್ಲಿ ನಿಯಮ 20ಕ್ಕಿಂತ ಜಾಸ್ತಿ ಇರಬಾರದು ಅನ್ನುತ್ತದೆ, ಆದರೆ ಹೆಜ್ಜೇನಿನಲ್ಲಿ ಅದು ದಾಟುವುದು ಮಾಮೂಲು. ನೀರು ಬೆರೆಸಬೇಕೆಂದೇನೂ ಇಲ್ಲ, ಹುಳ ಇನ್ನೂ ಮೇಣ ಮುಚ್ಚದ ಹಸಿ ಜೇನೂ ಹಿಂಡುವಾಗ ಸೇರಿಬಿಡುತ್ತದೆ. ಮೇಣ ಮುಚ್ಚಿದ ಒಂದು ತುಂಡನ್ನು ಮಾತ್ರ ಬೇರೆ ಸೋಸಿ ನೋಡಿದೆವು. 21! ಕಾಕಾ ತಾವೇ ಕಣ್ಣಿಟ್ಟು ನೋಡಿದರು, ಮತ್ತೆ ಮತ್ತೆ ನೋಡಿದರು.

ಆ ವಾಪಸ್ ಬಂದ ಶೀಶೆ ಮೂಲೆಯಲ್ಲೇ ಇತ್ತು. ಮುಚ್ಚಳ ತಿರುಗಿಸಿದೊಡನೆ ಬುಸ್ ಅಂತ ಗಾಳಿ, ಮೇಲೆ ನೊರೆ, ಹುಳಿ ವಾಸನೆ. ನೀರು ಜಾಸ್ತಿ ಇದ್ದರೆ ಜೇನಿನಲ್ಲೇ ಇರುವ ಯೀಸ್ಟ್ ಎದ್ದು ಹುದುಗಿಸುತ್ತದೆ. ಹಾಗಂತ ಕುದಿಸಿ ಗಟ್ಟಿ ಮಾಡಿದರೆ ಜೇನಿನ ವಾಸನೆಯೇ ಹೋಗುತ್ತದೆ, ಬಣ್ಣ ಕಪ್ಪಾಗುತ್ತದೆ.

ಒಂದು ಮಾತು ಕಾಕಾಗೂ ಹೇಳಿದೆ: ಈ ಉಪಕರಣ ತೇವಾಂಶ ಮಾತ್ರ ಹೇಳುತ್ತದೆ, ಸಕ್ಕರೆ ಪಾಕ ಬೆರೆಸಿದ್ದನ್ನು ಹಿಡಿಯಲು ಲ್ಯಾಬೇ ಬೇಕು.

"ಹಂಗಾರ ಇನ್ನ ಮ್ಯಾಲ ಮುಚ್ಚಿದ್ದು ಬ್ಯಾರೆ, ಹಸೀದು ಬ್ಯಾರೆ ಹಿಂಡತೇನಿ" ಅಂದರು. ನಾನು 24ರದ್ದನ್ನೇ ಅರ್ಧ ಕೆಜಿ ಕೊಂಡೆ. ಫ್ರಿಜ್ಜಿನಲ್ಲಿದೆ, ದಿನಾ ಬೆಳಿಗ್ಗೆ ರೊಟ್ಟಿಗೆ ಹಚ್ಚಿಕೊಂಡು ಬೇಗ ಮುಗಿಸುತ್ತಿದ್ದೇವೆ.